ಮಿನುಗದ ಪರದೆ

ಫೆಬ್ರವರಿ ೯

ಅಪ್ಪಾ,

ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯಬೇಡ. ಬೇರೆ ದಾರಿಯಿಲ್ಲ. ನೀನಿರುವ ಕಣಿವೆಯಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ನಿಮ್ಮ ಆ ದೊಡ್ಡ ಆಂಟೆನಾ ನಕ್ಷತ್ರಗಳ ಸದ್ದಿಗೆ ಕಿವಿಗೊಟ್ಟು ಕೂತಿರುವಾಗ ನಡುವೆ ಯಾರ ಫೋನೂ ಗಲಾಟೆ ಮಾಡಬಾರದು. ಇಲ್ಲಿ ಡಾಕ್ಟರಮ್ಮ ನನಗೆ ಯಾವ ಪರದೆಯನ್ನೂ ನೋಡಬೇಡ ಎಂದಿದ್ದಾರೆ. ಟಿವಿ, ಮೊಬೈಲ್, ಕಂಪ್ಯೂಟರ್ ಎಲ್ಲಕ್ಕೂ ಬೀಗ. ಅಪ್ಪ ಮಗಳು ಇಬ್ಬರನ್ನೂ ಒಟ್ಟಿಗೆ ಹಳೆಯ ಕಾಲಕ್ಕೆ ಅಟ್ಟಿಬಿಟ್ಟಿದ್ದಾರೆ. ನಿಮ್ಮ ಆಫೀಸಿನ ಒಂಟಿ ಫೋನಿಗೆ ಮಾಡೋಣವೆಂದರೆ, ಗುಮಾಸ್ತರಿಂದ ಹಿಡಿದು ಕಾವಲಿನವರವರೆಗೆ ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಾರೆ ಎಂದು ನೀನೇ ಹೇಳಿದ್ದೆ.

ಮನೆಯಲ್ಲಿ ಯಾರೂ ಅದರ ಹೆಸರು ಹೇಳುವುದಿಲ್ಲ. ಅಮ್ಮ 'ಅದು' ಅನ್ನುತ್ತಾಳೆ. 'ಅದು ಬಂದಾಗ', 'ಅದು ಆದಮೇಲೆ'. ಮನೆಗೆ ಬಂದುಹೋಗುವ ಯಾರೋ ಬಡ್ಡಿಯವನ ಸುದ್ದಿ ಎತ್ತಿದ ಹಾಗೆ. ನಾನು ಫಿಟ್ಸ್ ಅಂತಲೇ ಬರೆಯುತ್ತೇನೆ. ಬಂದದ್ದು ನನಗೆ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಇಲ್ಲದವಳೂ ನಾನೇ. ಅವರಿವರು ಹೇಳಿದ ಚೂರುಗಳನ್ನೆಲ್ಲ ಜೋಡಿಸಿ ಒಂದು ಕಡೆ ಬರೆದಿಟ್ಟುಕೊಳ್ಳೋಣ ಅನ್ನಿಸಿತು.

ಮೊದಲನೆಯದು ಡಿಸೆಂಬರಿನಲ್ಲಿ, ಕೆಳಗಿನ ಮಹಡಿಯಲ್ಲಿ, ನನ್ನ ಗೆಳತಿ ಡಬ್ಬಿಯ ಮನೆಯಲ್ಲಿ. ಅವಳ ಅಣ್ಣನ ಕಂಪ್ಯೂಟರಿನಲ್ಲಿ ನಾವಿಬ್ಬರೂ ನಮ್ಮ ಬಂದರು ಕಟ್ಟುತ್ತಿದ್ದೆವು. ಆಟದೊಳಗೆ ಬಿರುಗಾಳಿ ಎದ್ದಿತ್ತು, ಮಿಂಚಿನ ಮೇಲೆ ಮಿಂಚು. ಅಷ್ಟು ನೆನಪಿದೆ. ಆಮೇಲೆ ಅವರ ಮನೆಯ ಫ್ಯಾನು, ಒದ್ದೆ ಕೂದಲು, ಕುರ್ಚಿಯನ್ನು ಗುರಾಣಿಯ ಹಾಗೆ ಎದುರಿಗಿಟ್ಟುಕೊಂಡು ಮೂಲೆಯಲ್ಲಿ ನಿಂತಿದ್ದ ಡಬ್ಬಿ. ಆವತ್ತಿನಿಂದ ಅವಳು ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ.

ಎರಡನೆಯದು ನಮ್ಮ ಅಡುಗೆಮನೆಯಲ್ಲಿ, ನೀನು ರಜೆಗೆ ಬಂದಿದ್ದಾಗ. ಅದರ ಬಗ್ಗೆ ನನ್ನ ಹತ್ತಿರ ಒಂದು ಚೂರೂ ಇಲ್ಲ. ಅಮ್ಮನನ್ನು ಕೇಳಿದರೆ ಪಾತ್ರೆ ತೊಳೆಯಲು ಶುರುಮಾಡುತ್ತಾಳೆ. ನಾನು ಎದ್ದಾಗ ನೀನು ಬಚ್ಚಲಿನಲ್ಲಿದ್ದೆ. ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು. ರಜೆ ಮುಗಿಯುವ ಮೊದಲೇ ನೀನು ಕೆಲಸವಿದೆ ಎಂದು ಹೊರಟೆ. ಆವತ್ತು ಏನಾಯಿತು, ಅಪ್ಪಾ?

ಇನ್ನೊಂದು ವಿಷಯ. ಪರೀಕ್ಷೆ ಮುಗಿದ ಮೇಲೆ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಎಂದಿದ್ದೆ. ಡಾಕ್ಟರಮ್ಮ ಒಪ್ಪಿದ ಮೇಲೆ ನನಗೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು. ಬರೀ ಟೈಪು ಮಾಡುವಂಥದ್ದಲ್ಲ. ತಲೆ ಕೆಟ್ಟಿದೆಯಾ ಅಂತ ಕೇಳಬೇಡ. ತಲೆಯ ಸ್ಕ್ಯಾನ್ ಆಗಿದೆ, ಎಲ್ಲ ಸರಿಯಾಗಿದೆಯಂತೆ.

ಉತ್ತರಕ್ಕೆ ಕಾಯುವ ನಿನ್ನ ಮಗಳು

ಫೆಬ್ರವರಿ ೨೦

ಮರೀ,

ನಿನ್ನ ಕಾಗದ ಜೀಪಿನಲ್ಲಿ ಬಂತು. ತರಕಾರಿ ಮೂಟೆಯ ಕೆಳಗೆ ಸಿಕ್ಕಿ ಒಂದು ಮೂಲೆ ಒದ್ದೆಯಾಗಿತ್ತು, ಒಲೆಯ ಹತ್ತಿರ ಒಣಗಿಸಿ ಓದಿದೆ. ಅಕ್ಷರ ಚೆನ್ನಾಗಿಯೇ ಇದೆ.

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯ ತಾನೆ? ನಿದ್ದೆ ಬರುತ್ತದೆಯೆ? ಬಚ್ಚಲಿನ ಚಿಲಕ ಹಾಕಬೇಡ. ಬಿಸಿನೀರಿನ ಪಾತ್ರೆ ಎತ್ತಬೇಡ, ಅಮ್ಮ ಎತ್ತುತ್ತಾಳೆ. ಮಹಡಿಯ ಅಂಚಿಗೆ ಹೋಗಬೇಡ.

ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಎರಡನೆಯ ಜನರೇಟರಿನ ಬೇರಿಂಗ್ ಸದ್ದು ಮಾಡುತ್ತಿದೆ, ಬಿಚ್ಚಿ ಹಾಕಿದ್ದೇನೆ. ಕಾವಲಿನವರು ಮೊನ್ನೆ ಒಬ್ಬ ಹೊಸಬನ ಪೆಟ್ಟಿಗೆಯಿಂದ ಬ್ಯಾಟರಿಯ ಶೇವರ್ ಕಿತ್ತುಕೊಂಡರು. ಅದರ ಸದ್ದೂ ಆಂಟೆನಾಕ್ಕೆ ಕೇಳುತ್ತದಂತೆ. ಈಗ ಅವನು ಗಡ್ಡ ಬಿಟ್ಟು ಸನ್ಯಾಸಿಯ ಹಾಗೆ ಓಡಾಡುತ್ತಿದ್ದಾನೆ.

ಲ್ಯಾಪ್‌ಟಾಪಿನ ವಿಷಯ ಆಮೇಲೆ ನೋಡೋಣ. ಅಷ್ಟರವರೆಗೆ ಹೊತ್ತು ಹೋಗಲು ಬೇರೇನಾದರೂ ಕೊಡಿಸಲೆ? ಬಣ್ಣದ ಪೆಟ್ಟಿಗೆ, ಇಲ್ಲವೆ ಒಂದು ಗಿಟಾರ್. ಯೋಚಿಸಿ ಬರೆ.

ನಿನ್ನ ಅಪ್ಪ

ಮಾರ್ಚ್ ೩

ಅಪ್ಪಾ,

'ಗಿಟಾರ್' ಎನ್ನುವುದಕ್ಕೆ ಮುಂಚೆ ಒಂದು ಪದ ಬರೆದು, ಕಾಗದ ಹರಿಯುವಷ್ಟು ಗೀಚಿದ್ದೀಯ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. 'ಸೈಕಲ್'. ಬರೆದಮೇಲೆ ನಿನಗೆ ನೆನಪಾಗಿದೆ, ಇವಳು ಸೈಕಲ್ ಹತ್ತುವ ಹಾಗಿಲ್ಲ ಎಂದು. ನಿನ್ನ ಆ ಗೀಚು ನೋಡಿ ನನಗೆ ಅಳು ಬಂತು, ಯಾಕೋ. ನಾನು ಕೇಳಿದ್ದಕ್ಕೆ ಮಾತ್ರ ನೀನು ಉತ್ತರ ಬರೆದಿಲ್ಲ.

ಮೊನ್ನೆ ದೀಪದ ಪರೀಕ್ಷೆ ಆಯಿತು. ತಲೆತುಂಬ ಅಂಟು ಮೆತ್ತಿ ತಂತಿ ಹಚ್ಚಿ, ಮಂಚದ ಮೇಲೆ ಮಲಗಿಸಿ, ಮುಖದ ಎದುರಿಗೆ ಒಂದು ದೀಪ ತಂದಿಟ್ಟರು. ಪರೀಕ್ಷೆ ಮಾಡುವ ಅಕ್ಕ ಒಳ್ಳೆಯವಳು.

"ಈಗ ಇದು ಹತ್ತಿ ಹತ್ತಿ ಆರುತ್ತೆ. ಮೊದಲು ನಿಧಾನಕ್ಕೆ, ಆಮೇಲೆ ಬೇಗ ಬೇಗ," ಎಂದಳು.

"ಬರಿಸೋದಕ್ಕೇ ಮಾಡ್ತಿದೀರಾ?" ಎಂದು ಕೇಳಿದೆ.

"ಬರೋಕೆ ಮುಂಚೆನೇ ಹಿಡಿಯೋದಕ್ಕೆ. ನಾನಿಲ್ಲೇ ಇದೀನಿ, ಏನಾದ್ರೂ ಕಂಡ್ರೆ ತಕ್ಷಣ ನಿಲ್ಲಿಸ್ತೀನಿ."

ದೀಪ ಮೊದಮೊದಲು ಯಾರೋ ಕಣ್ಣು ಪಿಳುಕಿಸಿದ ಹಾಗಿತ್ತು. ಬರುಬರುತ್ತಾ ಬೆಳಕಿಗೂ ಕತ್ತಲೆಗೂ ನಡುವೆ ಸಂದೇ ಇಲ್ಲದಂತಾಯಿತು. ಆಗ ನನ್ನ ಬಲಗೈ ಹೆಬ್ಬೆರಳು ಒಮ್ಮೆ ಹಾರಿತು. ಅಪ್ಪಾ, ಅದನ್ನು ಅಲ್ಲಾಡಿಸಿದ್ದು ನಾನಲ್ಲ. ನನ್ನದೇ ಬೆರಳು, ನನ್ನದೇ ಕೈ, ಬೇರೆ ಯಾರೋ ಒಳಗಿನಿಂದ ಎಳೆದ ಹಾಗೆ. ಅಕ್ಕ ಆ ಕ್ಷಣವೇ ದೀಪ ಆರಿಸಿದಳು. ಏನೂ ಆಗಲಿಲ್ಲ. ಆದರೆ ಅಂದಿನಿಂದ ಆ ಬೆರಳನ್ನು ಆಗಾಗ ನೋಡಿಕೊಳ್ಳುತ್ತಿರುತ್ತೇನೆ, ಗುರುತಿಲ್ಲದವರನ್ನು ನೋಡುವ ಹಾಗೆ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ನನ್ನ ಮೆದುಳು ಒಂದು ಬಗೆಯ ಮಿನುಗಿಗೆ ಬೆಚ್ಚಿಬೀಳುತ್ತದೆ. ಎಲ್ಲ ಬೆಳಕಿಗೂ ಅಲ್ಲ, ಬೇಗ ಬೇಗ ಹತ್ತಿ ಆರುವುದಕ್ಕೆ. ನಿದ್ದೆಗೆಟ್ಟರೂ ಬರಬಹುದು, ಕಾರಣವೇ ಇಲ್ಲದೆಯೂ ಬರಬಹುದು. ನಾನು ಕೇಳಿದೆ, "ಮೇಡಂ, ಮತ್ತೆ ಯಾವತ್ತಾದ್ರೂ ಆಟ ಆಡ್ಬಹುದಾ?" ಅಮ್ಮ ನನ್ನ ತೊಡೆ ಜಿಗುಟಿದಳು.

ಡಾಕ್ಟರಮ್ಮ ನಗಲಿಲ್ಲ. "ಈಗ ಬೇಡ. ಮಾತ್ರೆ ಹಿಡಿದ ಮೇಲೆ, ನಿಯಮ ಇಟ್ಕೊಂಡು, ಆಡ್ಬಹುದು. ತುಂಬಾ ಜನ ಆಡ್ತಾರೆ. ಆದ್ರೆ ಏನೂ ಆಗಲ್ಲ ಅಂತ ನಾನು ಬರೆದುಕೊಡಲ್ಲ," ಎಂದರು.

ಕೋಣೆ ಬೆಳಕಾಗಿರಬೇಕು. ಪರದೆ ಬಹಳ ದೊಡ್ಡದಿರಬಾರದು, ಮುಖದಿಂದ ದೂರವಿರಬೇಕು. ಮಿಂಚು, ಸಿಡಿತ ಇರುವ ಆಟ ಬೇಡ, ಬಿರುಗಾಳಿಯನ್ನು ಆಟದಲ್ಲೇ ನಿಲ್ಲಿಸಿಬಿಡಬೇಕು. ಇದ್ದಕ್ಕಿದ್ದಂತೆ ಮಿನುಗತೊಡಗಿದರೆ ಕಣ್ಣು ಮುಚ್ಚಬಾರದಂತೆ. ಒಂದು ಕಣ್ಣಿಗೆ ಅಂಗೈ ಒತ್ತಿ ಮುಖ ತಿರುಗಿಸಬೇಕು. ದಿನಾ ಅಭ್ಯಾಸ ಮಾಡುತ್ತಿದ್ದೇನೆ.

ಅಂಗಡಿಗಳ ಬಣ್ಣಬಣ್ಣದ ಕಾಗದಗಳನ್ನು ಅಮ್ಮನಿಂದ ತರಿಸಿಕೊಂಡು ಓದುತ್ತಿದ್ದೇನೆ. ಪರದೆ ನೋಡದೆ ಪರದೆ ಆರಿಸುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಎಲ್ಲದರಲ್ಲೂ ಗ್ರಾಫಿಕ್ಸ್ ಕಾರ್ಡು, ಮೆಮೊರಿ, ಅದರ ಹೊಟ್ಟೆಯೊಳಗೆ ಎರಡು ಫ್ಯಾನು ಎಂದೆಲ್ಲ ಇದೆ. ನಿನಗೆ ಎಂಜಿನ್ ಗೊತ್ತು. ಯಂತ್ರ ಬಿಸಿಯಾದರೆ ಪರದೆಯ ಮೇಲಿನ ಚಿತ್ರ ಮುಗ್ಗರಿಸುತ್ತದೆಯೆ? ನನಗೆ ಮುಗ್ಗರಿಸದಂಥದ್ದು ಬೇಕು.

ನಿನ್ನ ಮಗಳು

ಮಾರ್ಚ್ ೨೨

ಮರೀ,

ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ನಾನು ಲ್ಯಾಪ್‌ಟಾಪ್ ಬಿಚ್ಚಿ ನೋಡಿದವನಲ್ಲ. ಆದರೆ ಯಾವ ಯಂತ್ರವಾದರೂ ಸರಿ, ಕೆಲಸ ಮಾಡಿದರೆ ಕಾಯುತ್ತದೆ, ಕಾದರೆ ಆ ಶಾಖಕ್ಕೆ ಹೊರಗೆ ಹೋಗಲು ದಾರಿ ಬೇಕು. ದಾರಿ ಕಟ್ಟಿದರೆ ಅದು ತನ್ನನ್ನು ಉಳಿಸಿಕೊಳ್ಳಲು ನಿಧಾನವಾಗುತ್ತದೆ. ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿದೆ, ಅದರದ್ದೂ ಅದೇ ಕಥೆಯಂತೆ, ಚಿತ್ರ ತಡವರಿಸುತ್ತದಂತೆ. ಹಾಗಾಗಿ ತೆಳ್ಳಗೆ ಚೆಂದ ಕಾಣುವುದಕ್ಕಿಂತ ಸ್ವಲ್ಪ ದಪ್ಪಗಿರುವುದು ವಾಸಿ. ಗಾಳಿ ಎಲ್ಲಿಂದ ಎಳೆದುಕೊಳ್ಳುತ್ತದೆ, ಎಲ್ಲಿಂದ ಉಗುಳುತ್ತದೆ ಎಂದು ನೋಡಬೇಕು. ಬುಡದಿಂದ ಎಳೆದುಕೊಳ್ಳುವಂಥದ್ದನ್ನು ಹಾಸಿಗೆಯ ಮೇಲೆ ಇಡಲೇಬಾರದು. ಅದರ ಶಕ್ತಿಯನ್ನೆಲ್ಲ ಹೀರುವ ಆಟಕ್ಕಿಂತ ಅದರ ಮುಕ್ಕಾಲು ಭಾಗವೇ ಸಾಕಾಗುವ ಆಟ ಆಡಿದರೆ ಯಂತ್ರ ಉಸಿರುಗಟ್ಟುವುದಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ.

ಬೇಡ ಮರೀ. ನಿನ್ನ ಬೆರಳಿನ ಬಗ್ಗೆ ನೀನು ಬರೆದದ್ದನ್ನು ಓದಿದ ಮೇಲೆ ನನ್ನಿಂದ ಆಗುವುದಿಲ್ಲ. ಆ ವಸ್ತು ನಮ್ಮ ಮನೆಗೆ ಬರುವುದು ಬೇಡ. ಬೇರೆ ಏನು ಬೇಕಾದರೂ ಕೇಳು.

ಏಪ್ರಿಲಿನಲ್ಲಿ ರಜೆಗೆ ಬರುತ್ತೇನೆ ಎಂದಿದ್ದೆನಲ್ಲ, ಆಗುವಂತಿಲ್ಲ. ಇನ್ನೊಬ್ಬ ಮೆಕ್ಯಾನಿಕ್ ಊರಿಗೆ ಹೋಗಿದ್ದಾನೆ. ಯಂತ್ರಗಳನ್ನು ಬಿಟ್ಟು ಬರಲಾಗದು.

ನಿನ್ನ ಅಪ್ಪ

ಏಪ್ರಿಲ್ ೧

ಅಪ್ಪಾ,

ಸರಿ.

ಬೇಡ ಎನ್ನುವುದಕ್ಕೆ ನಿನಗೆ ಒಂದು ಸಾಲು ಸಾಕಾಯಿತು. ಸೈಕಲ್ ಬೇಡ, ಈಜು ಬೇಡ, ಚಿಲಕ ಬೇಡ, ಒಬ್ಬಳೇ ರಸ್ತೆ ದಾಟುವುದು ಬೇಡ. ಅಮ್ಮ ನನ್ನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಾಳೆ. ನಾನು ಮಗ್ಗಲು ಬದಲಿಸಿದರೆ ಎದ್ದು ಕೂರುತ್ತಾಳೆ. ಅವಳು ಎಚ್ಚರವಿದ್ದಾಳೆಂದು ನಾನು ಅಲ್ಲಾಡದೆ ಮಲಗಿರುತ್ತೇನೆ. ಇಬ್ಬರೂ ನಿದ್ದೆ ಬಂದವರ ಹಾಗೆ ನಟಿಸುತ್ತೇವೆ. ನಿದ್ದೆಗೆಟ್ಟರೆ ಬರುತ್ತದೆ ಅಂದಿದ್ದಾರಲ್ಲ, ಆ ಹೆದರಿಕೆಗೇ ನಿದ್ದೆ ಬರುವುದಿಲ್ಲ.

ನನಗೂ ಹೆದರಿಕೆಯಿದೆ, ಅಪ್ಪಾ. ನಿನಗಿಂತ ಹೆಚ್ಚು. ನನ್ನನ್ನು ಬಿಟ್ಟು ಎಲ್ಲಿಗಾದರೂ ಹೋಗಲು ನನಗೆ ರಜೆ ಸಿಗುವುದಿಲ್ಲ.

ಮಗಳು

ಏಪ್ರಿಲ್ ೧೯

ಇವರಿಗೆ,

ನಾನು ಕಾಗದ ಬರೆಯುವವಳಲ್ಲ, ನಿಮಗೆ ಗೊತ್ತು. ಅವಳಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ.

ಡಾಕ್ಟರು ಹಗಲಿನಲ್ಲಿ ಸ್ವಲ್ಪ ಹೊತ್ತು ಪರದೆ ನೋಡಲು ಬಿಟ್ಟಿದ್ದಾರೆ. ಅದಕ್ಕೇ ನಿನ್ನೆ ಅವಳನ್ನು ಲ್ಯಾಪ್‌ಟಾಪ್ ಅಂಗಡಿಗೆ ಕರೆದುಕೊಂಡು ಹೋದೆ. ನೀವು ಬೇಡ ಎಂದದ್ದು ಗೊತ್ತಿತ್ತು. ಕಣ್ಣಾರೆ ಒಮ್ಮೆ ನೋಡಿದರೆ ಅವಳ ಆಸೆ ತಣ್ಣಗಾಗಬಹುದು ಎಂದು ನನ್ನ ಲೆಕ್ಕ.

ಅಂಗಡಿಯ ಒಳಗೆ ಮಂಕು ಬೆಳಕು. ಗೋಡೆಯುದ್ದಕ್ಕೂ ಸಾಲಾಗಿ ತೆರೆದಿಟ್ಟಿದ್ದರು. ಒಂದೊಂದರಲ್ಲೂ ಯುದ್ಧ, ಬೆಂಕಿ, ಸಿಡಿತ. ಕೀಲಿಮಣೆಯ ಕೆಳಗಿನಿಂದ ಕೆಂಪು, ನೀಲಿ, ಹಸಿರು ಬಣ್ಣ ಉಕ್ಕಿ ಉಕ್ಕಿ ಹರಿಯುತ್ತಿತ್ತು. ಮಾರುವವನು ಕನ್ನಡಕದ ಹುಡುಗ. "ಇದು ನೋಡಿ ಮೇಡಂ, ಈಗ ಇದೇ ಜಾಸ್ತಿ ಹೋಗೋದು," ಎಂದು ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಲ್ಲಿಸಿದ. ಅದರಲ್ಲಿ ಏನೋ ಸ್ಫೋಟವಾಯಿತು. ಬಿಳಿ, ಕಪ್ಪು, ಬಿಳಿ, ಕಪ್ಪು.

ನಾನು ಅವಳ ಕೈ ಹಿಡಿದುಕೊಂಡಿದ್ದೆ. ಆ ಕೈಯಲ್ಲಿ ಹೆಬ್ಬೆರಳು ಹಾರಿದ್ದು ನನ್ನ ಅಂಗೈಗೆ ತಿಳಿಯಿತು.

ಏನು ಮಾಡಿದೆ ಗೊತ್ತೆ? ಏನೂ ಮಾಡಲಿಲ್ಲ. ಅವಳೇ ಕೈ ಬಿಡಿಸಿಕೊಂಡಳು. ಒಂದು ಕಣ್ಣಿಗೆ ಅಂಗೈ ಒತ್ತಿದಳು, ಮುಖ ಪಕ್ಕಕ್ಕೆ ತಿರುಗಿಸಿದಳು, ಹಾಗೇ ಗೋಡೆಗೊರಗಿ ನೆಲದ ಮೇಲೆ ಕೂತಳು. ತಲೆ ಬಡಿಯದಿರಲಿ ಎಂದು ಚೀಲವನ್ನು ಪಕ್ಕಕ್ಕೆ ಇಟ್ಟುಕೊಂಡಳು. ಎಲ್ಲ ತಾನೇ.

"ಏನಾಯ್ತು ಮೇಡಂ, ಸುಸ್ತಾ?" ಎಂದ ಆ ಹುಡುಗ.

ಅವಳು ಕೂತಲ್ಲಿಂದಲೇ, "ಅದನ್ನ ಸ್ವಲ್ಪ ಆಫ್ ಮಾಡ್ತೀರಾ, ಅಣ್ಣಾ? ನಂಗೆ ಫಿಟ್ಸ್ ಬರುತ್ತೆ," ಎಂದಳು. ಅಂಗಡಿ ತುಂಬ ಜನರಿದ್ದರು. ಯಾವ ಸಂಕೋಚವೂ ಇಲ್ಲದೆ, ನೀರು ಕೊಡಿ ಎಂದಷ್ಟು ಸಲೀಸಾಗಿ.

ಅವನು ಆ ಸಾಲಿನ ಎಲ್ಲವನ್ನೂ ಮುಚ್ಚಿದ. ಅದು ಬರಲಿಲ್ಲ. ಬರಲಿಲ್ಲ ಎಂದು ನಾನೂ ಅವಳ ಪಕ್ಕದಲ್ಲಿ ನೆಲಕ್ಕೆ ಕುಸಿದೆ. ಅವಳು ನನ್ನ ಬೆನ್ನು ಸವರುತ್ತಾ, "ಆಯ್ತಮ್ಮಾ, ಹೋಯ್ತು, ಹೋಯ್ತು," ಎನ್ನುತ್ತಿದ್ದಳು. ನಾನು ಅವಳಿಗೆ ಹೇಳಬೇಕಾದ ಮಾತು.

ದಾರಿಯಲ್ಲಿ ಹೇಳಿದಳು, "ಅಂಥದ್ದು ಬೇಡಮ್ಮ. ಬಣ್ಣ ಇಲ್ಲದ್ದು, ಸಣ್ಣದು, ಮೂಲೆಯಲ್ಲಿತ್ತಲ್ಲ, ಬೂದಿಬಣ್ಣದ್ದು. ಅದನ್ನ ನೋಡೋಣ." ಆಸೆ ತಣ್ಣಗಾಗಿಲ್ಲ. ನನ್ನದೇ ಏನೋ ಒಂದು ಕದಲಿದೆ.

ಇನ್ನೊಂದು ಮಾತು. ಮೊನ್ನೆ ಮಾರುಕಟ್ಟೆಯಲ್ಲಿ ನಿಮ್ಮ ಜೊತೆಯ ಮೆಕ್ಯಾನಿಕ್ಕಿನ ಹೆಂಡತಿ ಸಿಕ್ಕಿದ್ದರು. ಅವರ ಯಜಮಾನರು ಫೆಬ್ರವರಿಯಿಂದ ಊರಿಗೇ ಬಂದಿಲ್ಲವಂತೆ. ನಾನು ಏನೂ ಕೇಳುವುದಿಲ್ಲ. ಅವಳಿಗೂ ಹೇಳಿಲ್ಲ.

ನಿಮ್ಮವಳು

ಮೇ ೩೦

ಅಪ್ಪಾ,

ಅಮ್ಮ ನಿನಗೆ ಬರೆದಿದ್ದಳು ಎಂದು ಈಗ ಗೊತ್ತಾಯಿತು. ನೀನು ಅವಳಿಗೂ ಉತ್ತರ ಬರೆದಿಲ್ಲ, ನನಗೂ ಬರೆದಿಲ್ಲ. ನಿಮ್ಮ ಜೀಪು ಕೆಟ್ಟಿದೆ ಎಂದುಕೊಳ್ಳುತ್ತೇನೆ.

ಮೂರನೆಯದು ಬಂತು. ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ದಾರೆ, ಅದಕ್ಕೆ ಬರೆಯುವುದು ತಡವಾಯಿತು. ಈ ಸಲ ಎಲ್ಲವನ್ನೂ ಹೇಳುವವರು ಸಿಕ್ಕಿದ್ದಾರೆ.

ಶಾಲೆಯ ಪರೀಕ್ಷೆಯ ಫಲಿತಾಂಶ ಬರುವುದಿತ್ತು. ಆ ಯೋಚನೆಯಲ್ಲಿ ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಪರದೆಯಿಲ್ಲ, ದೀಪವಿಲ್ಲ, ಮಿಂಚಿಲ್ಲ. ಒದ್ದೆ ಬಟ್ಟೆ ಮಾತ್ರ. ಆಮೇಲೆ ಕಣ್ಣು ಬಿಟ್ಟಾಗ ಮುಖದ ಹತ್ತಿರ ಡಬ್ಬಿಯ ಮುಖವಿತ್ತು. ನನ್ನ ತಲೆಯ ಕೆಳಗೆ ಅವಳ ಸ್ವೆಟರ್.

"ಎದ್ದೇಳ್ಬೇಡ. ಪಕ್ಕಕ್ಕೇ ಮಲಕ್ಕೋ. ಟೈಮ್ ನೋಡ್ಕೊಂಡಿದೀನಿ, ಜಾಸ್ತಿ ಹೊತ್ತಾಗ್ಲಿಲ್ಲ," ಎಂದಳು. ಹಲ್ಲು ಕಟಕಟ ಅನ್ನುತ್ತಿತ್ತು ಅವಳದು.

ನಾನು ಬಿದ್ದ ಸದ್ದು ಕೇಳಿ ಬಾಗಿಲು ತೆರೆದವಳು ಅವಳೇ. ಒಬ್ಬಳೇ ನನ್ನನ್ನು ಮಗ್ಗುಲಿಗೆ ಹೊರಳಿಸಿದ್ದಾಳೆ. ಯಾರೋ ಬಾಯಿಗೆ ಚಮಚ ಇಡಿ ಎಂದರಂತೆ, "ಏನೂ ಇಡ್ಬೇಡಿ, ದೂರ ಸರೀರಿ," ಎಂದು ಗದರಿದ್ದಾಳೆ. ಇದೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. ಡಿಸೆಂಬರಿನಲ್ಲೇ ಶಾಲೆಯ ನರ್ಸಿನ ಹತ್ತಿರ ಹೋಗಿ ಕೇಳಿಕೊಂಡಳಂತೆ.

"ಮತ್ತೆ ಮನೆಗೆ ಯಾಕೆ ಬರ್ಲಿಲ್ಲ?"

"ಕಲ್ತ್ರೂ ಭಯ ಹೋಗ್ಲಿಲ್ಲ ಕಣೇ. ನಿನ್ನ ಎದುರಿಗೇ ಕೈ ನಡುಗಿದ್ರೆ ನಿಂಗೆ ಬೇಜಾರಾಗುತ್ತೆ ಅಂತ."

"ಈಗ?"

"ಈಗ್ಲೂ ನಡುಗ್ತಿದೆ, ನೋಡು." ಕೈ ತೋರಿಸಿದಳು. ನಿಜವಾಗಿಯೂ ನಡುಗುತ್ತಿತ್ತು. ನಾವಿಬ್ಬರೂ ಆ ಮೆಟ್ಟಿಲ ಮೇಲೆ, ಚೆಲ್ಲಾಡಿದ ಬಟ್ಟೆಗಳ ನಡುವೆ, ರಕ್ತ ಒರೆಸಿಕೊಳ್ಳುತ್ತಾ ಕೂತಿದ್ದೆವು.

ಆಸ್ಪತ್ರೆಯಿಂದ ಅಮ್ಮ ನಿಮ್ಮ ಆಫೀಸಿಗೆ ಫೋನ್ ಮಾಡಿದಳು. ಗುಮಾಸ್ತರು ಕರೆಯುತ್ತೇನೆ ಎಂದು ಹೋದರು. ಬಹಳ ಹೊತ್ತಾದ ಮೇಲೆ ಬಂದು, "ಶೆಡ್ಡಿನಲ್ಲಿದ್ದಾರೆ, ಈಗ ಬರೋಕಾಗಲ್ವಂತೆ," ಎಂದರು. ಅಮ್ಮ ಫೋನಿಟ್ಟು, "ಯಂತ್ರದ ಗಲಾಟೆಗೆ ಸರಿಯಾಗಿ ಕೇಳಿಸಿರಲ್ಲ," ಎಂದಳು, ನನ್ನ ಮುಖ ನೋಡದೆ.

ಲ್ಯಾಪ್‌ಟಾಪ್ ಇಲ್ಲದೆಯೇ ಬಂತು, ಅಪ್ಪಾ. ಇನ್ನು ಮೆಟ್ಟಿಲುಗಳನ್ನೂ ಬಟ್ಟೆಗಳನ್ನೂ ಮನೆಯಿಂದ ಆಚೆ ಹಾಕುತ್ತೀಯಾ?

ನೀನು ಬರದಿದ್ದರೂ ಪರವಾಗಿಲ್ಲ ಎಂದು ಬರೆದು ಮುಗಿಸೋಣ ಅಂದುಕೊಂಡಿದ್ದೆ. ಆಗಲಿಲ್ಲ. ಅದು ಸುಳ್ಳಾಗುತ್ತದೆ.

ಮಗಳು

ಜೂನ್ ೬

ಮರೀ,

ಜೀಪು ಕೆಟ್ಟಿರಲಿಲ್ಲ.

ಗುಮಾಸ್ತರು ಬಂದು ಮನೆಯಿಂದ ಫೋನ್ ಎಂದಾಗ ಯಂತ್ರ ನಿಂತಿತ್ತು. ಸರಿಯಾಗಿಯೇ ಕೇಳಿಸಿತು. ಆ ಫೋನನ್ನು ಎತ್ತಿದರೆ ಯಾವ ಮಾತು ಬರುತ್ತದೋ, ಎತ್ತದಿದ್ದರೆ ಆ ಮಾತು ಇನ್ನೂ ಆಗಿರುವುದಿಲ್ಲ, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಸ್ಪ್ಯಾನರ್ ಹಿಡಿದು ಎಂಜಿನ್ನಿನ ಕೆಳಗೆ ಹಾಗೇ ಮಲಗಿದ್ದೆ. ಆಮೇಲೆ ಗುಮಾಸ್ತರೇ ಮತ್ತೆ ಬಂದು, "ಮಗಳಿಗೆ ಹುಷಾರಂತೆ, ಹೊಲಿಗೆ ಹಾಕಿದಾರಂತೆ," ಎಂದು ಹೇಳಿ, ಬೇರೇನೂ ಕೇಳದೆ ಹೋದರು.

ಅಡುಗೆಮನೆಯಲ್ಲಿ ಏನಾಯಿತು ಎಂದು ಕೇಳಿದ್ದೆ. ಅದಕ್ಕೆ ಉತ್ತರ ಇದು. ನೀನು ಬ್ರೆಡ್ ಕತ್ತರಿಸುತ್ತಿದ್ದೆ. ಅಮ್ಮ ಹಾಲು ತರಲು ಹೋಗಿದ್ದಳು. ನೀನು ಒಂದು ಥರ ಕೂಗಿ ಬಿದ್ದೆ. ನಡುಕವೆಲ್ಲ ನಿಂತಮೇಲೆ ನೀನು ಅಲ್ಲಾಡಲಿಲ್ಲ. ತುಟಿ ನೀಲಿಯಾಗಿತ್ತು. ಕರೆದೆ, ಕೆನ್ನೆ ತಟ್ಟಿದೆ. ಉಸಿರು ನೋಡಲು ನನಗೆ ತಿಳಿಯಲಿಲ್ಲ. ನೀನು ಹೋದೆ ಅಂದುಕೊಂಡೆ. ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಮ್ಮ ಬಂದರೆ ಹೇಗೆ ಹೇಳಲಿ ಎಂದು ಯೋಚಿಸುತ್ತಾ ಕೂತಿದ್ದೆ. ಹಾಲಿನ ಪಾತ್ರೆಯನ್ನು ಮೊದಲು ಅವಳ ಕೈಯಿಂದ ತೆಗೆದುಕೊಳ್ಳಬೇಕು, ಆಮೇಲೆ ಹೇಳಬೇಕು, ಹೀಗೆಲ್ಲ. ಅಷ್ಟರಲ್ಲಿ ನೀನು ಕೆಮ್ಮಿದೆ.

ಆ ಸ್ವಲ್ಪ ಹೊತ್ತು ನಾನು ಮಗಳಿಲ್ಲದ ಅಪ್ಪನಾಗಿದ್ದೆ. ಅಲ್ಲಿಂದ ಇನ್ನೂ ಪೂರ್ತಿ ವಾಪಸು ಬಂದಿಲ್ಲ. ಅದಕ್ಕೇ ಮನೆಗೂ ಬರಲಿಲ್ಲ.

ಭಾನುವಾರ ಜೀಪಿನಲ್ಲಿ ಹೊರಟು, ಪೇಟೆಯಿಂದ ಬಸ್ಸು ಹಿಡಿಯುತ್ತೇನೆ. ಅಂಗಡಿಗೆ ಹೋಗೋಣ. ಆರಿಸುವುದು ನೀನು. ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಅಪ್ಪ

ಜೂನ್ ೨೮

ಅಪ್ಪಾ,

ನೀನು ಹೋದಮೇಲೆ ಮನೆ ದೊಡ್ಡದಾದ ಹಾಗಿದೆ. ನಿನ್ನ ಗೊರಕೆ ಇಲ್ಲದೆ ಅಮ್ಮನಿಗೆ ನಿದ್ದೆ ಬರುತ್ತಿಲ್ಲವಂತೆ. ಈಗ ಅವಳು ತನ್ನ ಕೋಣೆಯಲ್ಲೇ ಮಲಗುತ್ತಾಳೆ, ಎರಡೂ ಬಾಗಿಲು ತೆರೆದಿಟ್ಟು.

ಅಂಗಡಿಯ ಕನ್ನಡಕದ ಅಣ್ಣ ನಿನ್ನನ್ನು ಮರೆಯುವುದಿಲ್ಲ ಬಿಡು. ಯಾರಾದರೂ ಲ್ಯಾಪ್‌ಟಾಪನ್ನು ತಲೆಕೆಳಗು ಮಾಡಿ ಅದರ ಹೊಟ್ಟೆಗೆ ಕಿವಿ ಹಚ್ಚುತ್ತಾರೆಯೆ? "ಸರ್, ಅದು ಉಸಿರಾಡುತ್ತೆ, ಬದುಕಿದೆ," ಎಂದ ಅವನು. ಡಬ್ಬಿ ನಕ್ಕು ನಕ್ಕು ಬಿಕ್ಕಳಿಸಿದಳು. ನೀನು ಮಾತ್ರ ನಗದೆ, "ಇದರ ಫ್ಯಾನು ಒಂದು ಕಡೆ ಎಳೀತಿದೆ, ಇನ್ನೊಂದು ಪೀಸ್ ತೋರ್ಸಿ," ಎಂದೆ. ಅವನು ಮರುಮಾತಿಲ್ಲದೆ ಒಳಗೆ ಹೋದ.

ಬೆಳಕು ತಗ್ಗಿಸಿದಾಗ ಕೆಲವು ಪರದೆಗಳು ಕಣ್ಣಿಗೆ ಕಾಣದಷ್ಟು ಬೇಗ ಹತ್ತಿ ಆರುತ್ತವೆ ಎಂದು ಓದಿದ್ದೆನಲ್ಲ, ಡಬ್ಬಿ ಫೋನಿನ ಕ್ಯಾಮೆರಾ ಹಿಡಿದು ತೋರಿಸಿದಾಗ ನನಗೇ ಮೈ ಜುಮ್ಮೆಂದಿತು. ಬಣ್ಣದ ಕೀಲಿಮಣೆಯ ಆ ದೊಡ್ಡದರ ಮೇಲೆ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ಬೂದಿಬಣ್ಣದ್ದರ ಮೇಲೆ ಏನೂ ಇರಲಿಲ್ಲ, ಕೊಳದ ನೀರಿನ ಹಾಗೆ ನಿಶ್ಚಲ. ಅಷ್ಟು ಬೇಗದ ಮಿನುಗಿನಿಂದ ತೊಂದರೆಯಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರೂ, ಅದನ್ನೇ ಆರಿಸಿದೆ. ಇದು ನನ್ನದು ಅನ್ನಿಸಿತು.

ನೀನು ಹೋದಮೇಲೆ ಮೂರು ಸಲ ಕೂತಿದ್ದೇನೆ. ಡಾಕ್ಟರಮ್ಮ ಒಪ್ಪಿದ ಹಾಗೇ, ಹಗಲಿನಲ್ಲಿ, ಕಿಟಕಿ ತೆರೆದು, ಮಾತ್ರೆ ತಗೊಂಡು. ಪ್ರತಿ ಸಲ ಮುಚ್ಚಳ ಎತ್ತುವಾಗ ಬೆರಳು ತಣ್ಣಗಾಗುತ್ತದೆ. ಡಬ್ಬಿ ಕುರ್ಚಿಯನ್ನು ನನ್ನ ಕುರ್ಚಿಗೆ ಅಂಟಿಸಿಕೊಂಡು ಕೂರುತ್ತಾಳೆ. ಬಂದರಿನ ಎರಡನೆಯ ಕಟ್ಟೆ ಮುಗಿಯಿತು.

ಒಂದು ಕೇಳಬೇಕು. ಮೊದಲ ದಿನ, ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟ ದಿನ, ಸಂಜೆ ನೀನು ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟೆಯಲ್ಲ. ಕೋಪ ಬಂದಿತ್ತಾ? ಅಮ್ಮ ಕೇಳಬೇಡ ಅಂದಳು. ಕಾಗದದಲ್ಲಿ ಕೇಳಬಹುದು ಅನ್ನಿಸಿತು.

ನಿನ್ನ ಮಗಳು

ಜುಲೈ ೮

ಮರೀ,

ಕೋಪವಲ್ಲ.

ಇಲ್ಲಿ ಆಫೀಸಿನ ಫೋನು ಬಡಿದುಕೊಂಡರೆ ಈಗಲೂ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ. ಆದರೆ ನಾನೇ ಓಡಿಹೋಗಿ ಎತ್ತುತ್ತೇನೆ. ನಿನ್ನೆ ಎತ್ತಿದೆ, ಡೀಸೆಲ್ ಏಜೆಂಟ್.

ಆವತ್ತು ನೀನು ಮುಚ್ಚಳ ಎತ್ತಿದಾಗ ನಾನು ನಿನ್ನ ಎಡಗಡೆ ಕೂತಿದ್ದೆ. ಪರದೆಯಲ್ಲಿ ಏನು ಬಂತು, ಏನು ಹೋಯಿತು, ನನಗೆ ಗೊತ್ತಿಲ್ಲ. ನಿನ್ನ ರೆಪ್ಪೆ, ನಿನ್ನ ತುಟಿಯ ಬಣ್ಣ, ಆ ಹೆಬ್ಬೆರಳು, ಇಷ್ಟೇ ನೋಡುತ್ತಿದ್ದೆ. ಬಿದ್ದರೆ ಯಾವ ಕಡೆಗೆ ಬೀಳುತ್ತಾಳೆ, ಮೇಜಿನ ಮೂಲೆ ಎಲ್ಲಿದೆ, ನನ್ನ ಯಾವ ಕೈ ಮುಂದೆ ಹೋಗಬೇಕು, ಎಲ್ಲ ಅಳೆದಿಟ್ಟುಕೊಂಡಿದ್ದೆ.

"ಅಪ್ಪಾ, ನನ್ನ ಮುಖ ನೋಡ್ಬೇಡ. ಆಟ ನೋಡು," ಎಂದೆ ನೀನು.

"ನೋಡ್ತಿದೀನಿ."

"ಏನು ನೋಡಿದೆ, ಹೇಳು?"

"ಹಡಗು."

"ಅದು ಉಗ್ರಾಣ."

ಆಮೇಲೆ ನೀನು ಮೌಸನ್ನು ನನ್ನ ಕೈಗೆ ತುರುಕಿದೆ. ಈ ಕ್ರೇನು ನಿನ್ನದು, ಆ ಪೆಟ್ಟಿಗೆಗಳನ್ನು ಹಡಗಿನಿಂದ ಇಳಿಸು ಎಂದೆ. ಬೇಡ ಎನ್ನುವಷ್ಟರಲ್ಲಿ ಒಂದು ಪೆಟ್ಟಿಗೆ ಕೊಕ್ಕೆಯಲ್ಲಿ ತೂಗಾಡುತ್ತಿತ್ತು. ಇಳಿಸಿದರೆ ಸಮುದ್ರಕ್ಕೆ ಬಿತ್ತು. ಇನ್ನೊಂದು ನಿನ್ನ ಉಗ್ರಾಣದ ಮಾಡು ಒಡೆಯಿತು. ಡಬ್ಬಿ, "ಅಂಕಲ್, ಎಡಕ್ಕೆ, ಎಡಕ್ಕೆ," ಎಂದು ಬಡಿದುಕೊಳ್ಳುತ್ತಿದ್ದಳು. ನಿಜವಾದ ಕ್ರೇನು ಹಾಗೆ ತೂಗುವುದಿಲ್ಲ, ಅದನ್ನು ಬರೆದವರಿಗೆ ಭಾರ ಎಂದರೇನು ಗೊತ್ತಿಲ್ಲ. ನನಗೆ ಹಟ ಬಂತು. ಹಗ್ಗವನ್ನು ಮೊದಲು ಸಡಿಲಿಸಿ, ತೂಗಾಟ ನಿಲ್ಲುವವರೆಗೆ ಕಾದು, ಮೆಲ್ಲಗೆ ಇಳಿಸಿದೆ. ಒಂದು ಕೂತಿತು. ಅದರ ಮೇಲೆ ಇನ್ನೊಂದು ಕೂತಿತು. ಮೂರನೆಯದಕ್ಕೆ ಕೈ ಹಾಕಿದೆ.

ಆಗ ಹೊಳೆಯಿತು. ಎಷ್ಟೋ ಹೊತ್ತಿನಿಂದ ನಾನು ನಿನ್ನನ್ನು ನೋಡಿರಲೇ ಇಲ್ಲ.

ಥಟ್ಟನೆ ನಿನ್ನ ಕಡೆ ತಿರುಗಿದೆ. ನೀನು ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಬಾಯಿತುಂಬ ಬಿಸ್ಕತ್ತು ತುಂಬಿಕೊಂಡು, "ಅಪ್ಪಾ, ಅದೂ ಬೀಳುತ್ತೆ ನೋಡ್ತಿರು," ಎನ್ನುತ್ತಿದ್ದೆ.

ಬಿದ್ದೂ ಹೋಯಿತು. ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಂದೆ. ಅಲ್ಲಿ ಯಾರಿಗೂ ಕಾಣದ ಹಾಗೆ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದೆ.

ನಿನ್ನ ಅಪ್ಪ